ಗುಂಯ್

ಭಿಶಿ ಎತ್ತಿದ್ದು ಒಂಬತ್ತು ಸಾವಿರ.
ಮಿಕ್ಸರ್ ಇನ್ನೊಂದು ವರ್ಷ ತಡೀತೈತಿ ಅಂದ್ಲು ಶಿವಲೀಲಾ.
ಅದು ಹೂಂ ಅನ್ನೋದೋ ಉಹೂಂ ಅನ್ನೋದೋ
ಇಪ್ಪತ್ತೇಳು ವರ್ಷದಾಗ ನನಗ ತಿಳಿದಿಲ್ಲ.
ಆದರ ಹಳೇ ಆಂಪ್ಲಿಫೈಯರ್ ಬಲಗಡೆ ಕರಕರ ಅಂತಿತ್ತು,
ನಾಬ್ ತಿರುವಿದರ ಹಪ್ಪಳ ಮುರಿದಂಗ.

ಗದಗ ಬಿಟ್ಟು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋದೆ,
ಕೊಪ್ಪೀಕರ್ ರೋಡಿಗೆ. ಶೋರೂಮಿನ ಹುಡುಗ ಟೈ ಕಟ್ಟಿದ್ದ.
"ಎಷ್ಟು ವ್ಯಾಟ್ ಬೇಕು ಅಂಕಲ್?"
ಅಕ್ಕಿ ಎಷ್ಟು ಕೇಜಿ ಅಂದಂಗ.
ನೂರು ವ್ಯಾಟಿಂದು ಹದಿನಾಕೂವರೆ, ಕಂತಿನ ಮ್ಯಾಲೆ ಕೊಡ್ತಾರಂತ.
ನೀಲಿ ದೀಪ, ರಿಮೋಟು, ಎಲ್ಲಾ ಐತಿ,
ಬ್ಯಾಲೆನ್ಸ್ ನಾಬ್ ಇಲ್ಲ.
ಅದನ್ನ ಈಗ ಯಾರು ಕೇಳ್ತಾರ್ರೀ, ಅಂದ.

ನಾ ಕೇಳ್ತೀನಿ.
ಮೂವತ್ತು ವರ್ಷ ಆಫ್‌ಸೆಟ್ ಮಷೀನಿನ ಬಲಕ್ಕ ನಿಂತಾಂವ ನಾ.
ಪಂಚಾಂಗ, ಲಗ್ನಪತ್ರಿಕಿ, ಹತ್ತನೇತ್ತದ ಗೈಡು
ಎಲ್ಲಾ ಈ ಎಡಗಿವಿಯೊಳಗ ಹಾದು ಹೋಗ್ಯಾವ.
ಅದೀಗ ಅರ್ಧಾ ಪಗಾರಕ್ಕ ಕೆಲಸ ಮಾಡ್ತೈತಿ.
ಎಡಕ್ಕ ಎರಡು ಗೆರಿ ಜಾಸ್ತಿ ಇಟ್ಟರ
ಹಾಡಾಕಿ ನಡುವ ಬಂದು ಕುಂದರತಾಳ.
ಶಿವಲೀಲಾಗ ಗ್ವಾಡಿ ಕಡೆ ಸರದಂಗ ಕೇಳತೈತಿ,
ಆ ಜಗಳ ಬ್ಯಾರೆ.

ಅಂಗೈಯಗಲದ್ದೊಂದು ಚೀನಾದ್ದೂ ಇತ್ತು, ಹದಿನೆಂಟು ನೂರಕ್ಕ.
ಎತ್ತಿ ನೋಡಿದೆ. ಖಾಲಿ ಕಡ್ಡೀಪೆಟಗಿ.

ಕಡೀಕ ಬೆಟಗೇರಿಯ ದಾವಲಸಾಬ ನದಾಫ.
ಅವರಪ್ಪ ಹತ್ತಿ ಹಿಂಜಾಂವ, ಇಂವ ತಾಮ್ರ ಸುತ್ತಾಂವ.
"ಖೋಲಿ ಎಷ್ಟು?" "ಹತ್ತಕ್ಕ ಹನ್ನೆರಡು."
"ಸ್ಪೀಕರು?" "ಎಂಟು ಓಮ್."
"ಮ್ಯಾಲೆ ಯಾರದಾರ?" "ಮನಿ ಮಾಲಕರು."
"ಹಂಗಿದ್ರ ಇಪ್ಪತ್ತು ವ್ಯಾಟು ಬೇಕಾದಷ್ಟಾತು,
ನೂರು ಅಂಬೋದು ಮದವಿ ಪೆಂಡಾಲಿಗೆ.
ಆದರ ಇಪ್ಪತ್ತು ಅಂದರ ಇಪ್ಪತ್ತು ಇರಬೇಕು,
ನೀರು ಹಾಕಿ ಲೀಟರ್ ಅಂದಂಗಲ್ಲ. ಎತ್ತಿ ನೋಡ್ರಿ."

ಎತ್ತಿದೆ. ಸೊಂಟ ಹೂಂ ಅಂತು.
ಒಳಗ ಅಂವ ಕೈಯಾರೆ ಸುತ್ತಿದ ಟ್ರಾನ್ಸ್‌ಫಾರ್ಮರ್,
ಹೊರಗ ಹಳೇ ಸ್ಟೆಬಿಲೈಸರಿನ ಡಬ್ಬಿ, ಹಸರು ಬಣ್ಣ,
ಹೆಸರು ಬರಿಯೋ ಜಾಗಾ ಖಾಲಿ.
ಬ್ಯಾಲೆನ್ಸ್ ನಾಬ್ ಇತ್ತು, ಯಾವುದೋ ಸತ್ತ ರೇಡಿಯೋದ್ದು.
ಏಳೂವರೆ ಸಾವಿರ; ಹಳೇದಕ್ಕ ಮುನ್ನೂರು ಮುರಕೊಂಡ.
ನೀಲಿ ದೀಪ ಇಲ್ಲಲ್ಲಾ ಅಂತ
ಟಂಟಂನ್ಯಾಗ ಸ್ವಲ್ಪ ಕಾಡಿತು, ಖರೇ ಹೇಳಬೇಕಂದ್ರ.

ಮೊದಲ ಏನೂ ಹಚ್ಚಬ್ಯಾಡ್ರಿ, ಅಂದಿದ್ದ ದಾವಲಸಾಬ,
ಸುಮ್ಮನ ಚಾಲೂ ಮಾಡಿ ಸ್ಪೀಕರಿಗೆ ಕಿವಿ ಕೊಡ್ರಿ.
ಬಲಗಿವಿ ಕೊಟ್ಟೆ.
ಕೆಟ್ಟೈತೇನೋ ಅಂದ್ಕೊಂಡೆ. ಏನೂ ಇಲ್ಲ.
ಹಳೇದು ಸದಾ ಗುಂಯ್ ಅಂತಿತ್ತು.
ಅಂತಿತ್ತು ಅನ್ನೋದು ಗೊತ್ತಾಗಿದ್ದ ಇವತ್ತ.

ಆಮ್ಯಾಲೆ ಸೋದರತ್ತಿ ಟೇಪು ಹಾಕಿದೆ.
ಎಂಬತ್ತೆಂಟರಾಗ, ಬೆಟಗೇರಿ ಮನ್ಯಾಗ, ಬನಶಂಕ್ರೆವ್ವತ್ತಿ,
ಭೀಮಪಲಾಸ, ಇಪ್ಪತ್ತೆರಡು ನಿಮಿಷ.
ಇಷ್ಟು ವರ್ಷ ಬಂದವರ ಮುಂದೆಲ್ಲಾ ಹೇಳೀನಿ,
ಹಿಂದ ತಂಬೂರಿ ಎಷ್ಟು ಚಲೋ ಹಿಡದಾರ ನೋಡ್ರಿ ಅಂತ.
ಯಾರು ಕುಂತಿದ್ರು ಅಂತ ಕೇಳಿದವರಿಗೆ
ಒಬ್ಬರ ಹೆಸರೂ ಹೇಳೀನಿ.

ತಂಬೂರಿ ಇಲ್ಲ.
ನಮ್ಮ ಮನ್ಯಾಗ ತಂಬೂರಿ ಇದ್ದದ್ದ ಇಲ್ಲ.
ಅತ್ತಿ ಬರೇ ಗಂಟಲ ಮ್ಯಾಲೆ ಹಾಡ್ಯಾಳ.
ಉಸುರು ತಗೊಳ್ಳೋದು ಕೇಳತೈತಿ, ಬಳಿ ಸರಿಯೋದು,
ಒಂದು ಕಡೆ ಪಂಚಮದ ತನಕಾ ಹೋಗಿ ಮುಟ್ಟದ ತಿರುಗಿ ಬರೋದು.
ಮತ್ತ ಅದರ ಹಿಂದ, ಬಾಜೂ ಖೋಲ್ಯಾಗ
ಖಟ್, ಖಟ್, ಖಟ್, ಮಗ್ಗ.
ತಾಳಕ್ಕ ಸಂಬಂಧ ಇಲ್ಲ, ಸೀರಿಗೆ ಸಂಬಂಧ.

ಶಿವಲೀಲಾ ಹಿಟ್ಟಿನ ಕೈಲೇ ಬಾಗಲದಾಗ ನಿಂತಳು.
ಯಾರೋ ನೇಯಾಕತ್ಯಾರಲ್ಲ, ಅಂದ್ಲು.
ನಾ ಬ್ಯಾಲೆನ್ಸು ನಡುವಿಗೆ ತಂದೆ, ಆಕಿ ಸಲುವಾಗಿ.

ಹದಿನಾಲ್ಕನೇ ನಿಮಿಷಕ್ಕ ಅತ್ತಿ ಮ್ಯಾಲಿನ ಷಡ್ಜಕ್ಕ ಹತ್ತತಾಳ,
ಮಗ್ಗ ನಿಲ್ಲತೈತಿ.
ನೂಲು ಹರಿದಿರಬೇಕು. ಇಲ್ಲಾ ಲಾಳಿ ಖಾಲಿ ಆಗಿರಬೇಕು.
ಇಲ್ಲಾ ಯಾರೋ, ಕೈ ಹಿಡಿಕಿ ಮ್ಯಾಲೆ ಹಂಗ ಇಟ್ಟು...
ಆ ದಿನ ಕುಣ್ಯಾಗ ಕುಂತವರು ಯಾರು?
ಅಪ್ಪನೋ, ಕಾಕಾನೋ, ಕೂಲಿಯಾಂವನೋ,
ಕೇಳಬೇಕಂದ್ರ ಯಾರೂ ಉಳದಿಲ್ಲ.

ಎಂಟು ನಿಮಿಷ ಖಟ್ ಇಲ್ಲ.
ಅಲ್ಲಿಗೆ ಟೇಪು ಮುಗೀತೈತಿ.
ಮಗ್ಗ ಮತ್ತ ಶುರುವಾದದ್ದು ಅದರಾಗ ಇಲ್ಲ.