ನಿವ್ವಳ ತೂಕ

ಎರಡು ದಿನದ ರಜಾ ಚೀಟಿ ಬರೆದೆ. ಕಾರಣ: ತಿಮಿಂಗಿಲ.
ಸೀಜನ್ನಿನಲ್ಲಿ ಯಾರಿಗೂ ರಜೆ ಕೊಡದ ಮ್ಯಾನೇಜರರು
ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿ,
'ಮನೆಯಲ್ಲಿ ಲಗ್ನ' ಅಂತ ತಿದ್ದಿ ಸಹಿ ಹಾಕಿದರು.

ಹನ್ನೊಂದು ವರ್ಷದಿಂದ ಮುಧೋಳದ ಈ ಕಾಟಾದ ಕಿಟಕಿ ನನ್ನದು.
ತುಂಬಿದ ಗಾಡಿ, ಬರಿಗಾಡಿ,
ಕಳೆದು ಉಳಿದದ್ದು ನಿವ್ವಳ. ಚೀಟಿ ಹರಿದು ಕೊಡುವುದು, ಮುಂದಿನವನು.
ಹೀಗಾಗಿ ಕಾರವಾರದ ದೋಣಿಯವನಿಗೆ ಫೋನಿನಲ್ಲಿ ಮೊದಲು ಕೇಳಿದ್ದೇ
'ಎಷ್ಟು ಟನ್ ಇರತಾವ್ರಿ?'
'ಹದಿನೈದು, ಇಪ್ಪತ್ತು' ಅಂದ.
ಅಂದರೆ ಎರಡು ಡಬ್ಬಿ ಕಬ್ಬು, ರವದಿ ಸಮೇತ.
ಅಷ್ಟು ಭಾರ
ಎಂಜಿನ್ನಿಲ್ಲದೆ, ಟೈರಿಲ್ಲದೆ ತಿರುಗುತ್ತದೆ ನೀರಿನೊಳಗೆ,
ಯಾವ ಕಾಟಾಕ್ಕೂ ಹತ್ತದೆ.

ಅವನು ಹೇಳಿದ್ದು: ಹಿಂದಿನ ರಾತ್ರಿ ಎಣ್ಣೆಯದು ತಿನ್ನಬೇಡಿ,
ಹಸಿದ ಹೊಟ್ಟೆಯಲ್ಲೂ ಬರಬೇಡಿ. ಶುಂಠಿ ಇರಲಿ.
ಟೊಪ್ಪಿಗೆಗೆ ದಾರ ಕಟ್ಟಿ. ಫೋನಿಗೊಂದು ಪ್ಲಾಸ್ಟಿಕ್ ಚೀಲ.
ದೋಣಿಯ ಮೂತಿ ಹನ್ನೆರಡು ಗಂಟೆ, ಏನು ಕಂಡರೂ
ಕೈ ಮಾಡಬೇಡಿ, ಚೀರಬೇಡಿ, ಗಂಟೆ ಹೇಳಿ.

ಮಾಳಿಗೆ ಏರಿ ರೂಢಿ ಮಾಡಿದೆ.
ಮೂರು ಗಂಟೆಗೆ ಹದ್ದು! ಹತ್ತು ಗಂಟೆಗೆ ಚಿಮಣಿ ಹೊಗೆ!
ಕೆಳಗಿನಿಂದ ಅತ್ತೆ ಚಂಪವ್ವ:
'ಏ ಸುಗಂಧಾ, ಇನ್ನೂ ಒಂದೂವರಿ ಆಗೇತಿ,
ಈಗಽ ಚಾಕ್ಕ ಇಡಲೇನು?'

ದುರ್ಬೀನು ಗುರುಪಾದ ಮಾಸ್ತರರದು.
ಎಡಗಣ್ಣಿನ ಗಾಜಿಗೆ ಬೂಷ್ಟು ಹತ್ತಿ
ಏನು ನೋಡಿದರೂ ಮೂಲೆಯಲ್ಲೊಂದು ಸಣ್ಣ ಮೋಡ.
'ಕಡಲಿನ ಮ್ಯಾಲ ಮೋಡ ಇರೂದಽ ಬಿಡವಾ' ಅಂದರು.

ಕಡಲಹಕ್ಕಿಗಳ ಪಟ ಕಳಿಸಿದ್ದ. ಬಣ್ಣದ್ದಕ್ಕೆ ಹತ್ತು ರೂಪಾಯಿ ಎಂದು
ಕಪ್ಪುಬಿಳುಪು ತೆಗೆಸಿದ್ದು ತಪ್ಪಾಯಿತು.
ಝೆರಾಕ್ಸಿನ ಹಾಳೆಯಲ್ಲಿ ಹದಿನಾಲ್ಕೂ ಒಂದೇ ಕಾಗೆಯ ಮಕ್ಕಳು.
ಒಂದನ್ನು ಮಾತ್ರ ಗುರುತು ಹಿಡಿದೆ: ಕವಲು ಬಾಲದ ರೀವ.
ಇದರ ದಾಯಾದಿ ಘಟಪ್ರಭೆಯ ಸೇತುವೆ ಕೆಳಗೆ
ಕಲ್ಲು ಬಿದ್ದ ಹಾಗೆ ನೀರಿಗೆ ಬಿದ್ದು
ಮೀನು ಕಚ್ಚಿ ಏಳುವುದನ್ನು ಬಸ್ಸಿನಿಂದ ದಿನಾ ನೋಡುತ್ತೇನೆ.
ಪರಊರಿನ ಸಂತೆಯಲ್ಲಿ ನಮ್ಮ ಓಣಿಯವರು ಸಿಕ್ಕಂತಾಯಿತು.

ದಸ್ತಗೀರ ತನ್ನ ಖಾಲಿ ಡಬ್ಬಿಯಲ್ಲಿ ನಿಲ್ಲಿಸಿ
ಲೋಕಾಪುರದ ರಸ್ತೆಗೆ ಒಯ್ದ.
'ಹಿಡಕೋಬ್ಯಾಡ್ರಿ ಅಕ್ಕಾರ, ಮೊಣಕಾಲು ಸಡಿಲ ಬಿಡ್ರಿ.'
ಅವನೂ ಕಡಲು ಕಂಡವನಲ್ಲ.
ಮೊದಲ ತಗ್ಗಿಗೆ ಕುಸಿದು ಕೂತೆ. ಎರಡನೆಯದಕ್ಕೆ ವಾಂತಿ.
ಎಷ್ಟನೆಯದಕ್ಕೋ ನಿಂತಿದ್ದೆ, ಕೈಬಿಟ್ಟು, ರವದಿಯ ಧೂಳಿನಲ್ಲಿ,
ಹಿಂದೆ ಹಿಂದೆ ಬೆಳ್ಳಕ್ಕಿಗಳು
ಬಲೆಯ ದೋಣಿಯ ಬೆನ್ನು ಹತ್ತಿದವರ ಹಾಗೆ.

ಕಾಣುವುದು ಖಾತ್ರಿಯೇನು, ಅಂತ ಕೊನೆಗೆ ಕೇಳಿದ್ದೆ.
'ಖಾತ್ರಿ ಇಲ್ಲ ಅಕ್ಕ. ಹೋದ ವಾರ ಮೂರು ದಿನ ಬರೀ ನೀರು.
ಕಂಡರೂ ಬೆನ್ನಿನ ಒಂದು ಗೆರೆ, ಒಂದು ಉಸಿರು.'
ದುಡ್ಡು ವಾಪಸಿಲ್ಲ ಅಂತಲೂ ಹೇಳಿದ.
ಹನ್ನೊಂದು ವರ್ಷದಲ್ಲಿ ಖಾಲಿ ಬಂದು ಖಾಲಿ ಹೋದ ಗಾಡಿಗೆ
ನಾನೊಂದೂ ಚೀಟಿ ಬರೆದಿಲ್ಲ.

ಬಸ್ಸಿಗೆ ಇನ್ನೂ ನಲವತ್ತು ನಿಮಿಷ.
ಗಾಡಿಯಿಲ್ಲದ ಹೊತ್ತು ನೋಡಿ, ಚೀಲ ಹೆಗಲಿಗೇರಿಸಿ
ಕಾಟಾದ ನಡುವೆ ಹೋಗಿ ನಿಂತೆ.
ನನ್ನ ಕಿಟಕಿಯಿಂದ ರಾತ್ರಿ ಪಾಳಿಯ ಈರಯ್ಯ ಓದಿದ: 'ಎಪ್ಪತ್ತು.'
ಹತ್ತು ಕಿಲೋದ ಕೆಳಗಿನದನ್ನು ಈ ಯಂತ್ರ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.
ಶುಂಠಿ, ಕಟಕ ರೊಟ್ಟಿ, ಶೇಂಗಾ ಹಿಂಡಿ, ಗಾಜಿನೊಳಗಿನ ಮೋಡ,
ಕಾಗೆಯಂಥ ಹದಿನಾಲ್ಕು ಹಕ್ಕಿ,
ಎಲ್ಲ ಆ ಎಪ್ಪತ್ತರಲ್ಲೇ ಎಲ್ಲೋ.

ನಗುತ್ತಲೇ ಚೀಟಿ ಹರಿದು ಕೊಟ್ಟ.
ಬಂದ ಮೇಲಿನ ತೂಕದ ಜಾಗ ಖಾಲಿ.
ಮಡಚಿ ಫೋನಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ,
ಅದೂ ನೆನೆಯಬಾರದಲ್ಲ.

ಹಾರ್ನು.
ಆರು ಗಂಟೆಗೆ ದಸ್ತಗೀರ,
ತುಂಬಿದ ಎರಡು ಡಬ್ಬಿ.
ಇಳಿದು ದಾರಿ ಬಿಟ್ಟೆ.