ಹನ್ನೊಂದು ಸೆಕೆಂಡು

ಆ ಹಾಡಿನ ನಡುವೆ ಹನ್ನೊಂದು ಸೆಕೆಂಡು ಮೌನವಿದೆಯಲ್ಲ,
ಅದು ಪ್ರಾರ್ಥನೆಯೆಂದು ಜನ ಕಣ್ಣು ಮುಚ್ಚುತ್ತಾರೆ.
ಅಲ್ಲ. ಅವತ್ತು ಡೇಟನ್ನಿನ ಚರ್ಚಿನ ನೆಲಮಾಳಿಗೆಯಲ್ಲಿ
ಬಾಯ್ಲರು ಕೆಮ್ಮಿತು, ಎಲ್ಲರ ಕೈ ನಿಂತಿತು,
ಟೇಪು ಓಡುತ್ತಲೇ ಇತ್ತು.
ಇನ್ನೊಂದು ರೀಲಿಗೆ ದುಡ್ಡಿರಲಿಲ್ಲ.

ನಾನು ಇವರ ವ್ಯಾನು ಓಡಿಸುವವನು, ಇಪ್ಪತ್ತೆಂಟು ವರ್ಷ.
ಡ್ರಮ್ಮಿನವರು ಐದು ಜನ ಬದಲಾದರು:
ಒಬ್ಬ ಪಾದ್ರಿಯಾದ, ಒಬ್ಬ ಹಲ್ಲಿನ ಡಾಕ್ಟರು,
ಒಬ್ಬನನ್ನು ಟುಲ್ಸಾದ ಪೆಟ್ರೋಲ್ ಬಂಕಿನಲ್ಲಿ ಮರೆತು
ನಲವತ್ತು ಮೈಲಿ ಹೋಗಿಬಿಟ್ಟಿದ್ದೆವು.
ಮೊದಲ ಆಲ್ಬಮ್ಮಿನ ಮುಖಪುಟದ ಕುರಿಮರಿ
ಕುರಿಯಲ್ಲ, ಲೊರೇಟಾಳ ನಾಯಿ; ಮೈಗೆ ಹತ್ತಿ ಅಂಟಿಸಿದ್ದು.

ಇವನ್ನೆಲ್ಲ ಕೇಳಿದವರಿಗೆ ಹೇಳುತ್ತೇನೆ, ನಗುತ್ತಾರೆ.
ಹೇಳದೆ ಉಳಿದದ್ದು ಒಂದಿದೆ.

ಬೇಸ್ ಗಿಟಾರಿನ ವರ್ಲಿನ್‌ಗೆ ನಂಬಿಕೆ ಹೋಗಿ ಹತ್ತೊಂಬತ್ತು ವರ್ಷ.
ಮಗಳನ್ನು ಮಣ್ಣು ಮಾಡಿ ಬಂದ ವಾರ
ವ್ಯಾನಿನಲ್ಲಿ ಎಲ್ಲರೆದುರೇ ಅಂದ: ‘ಆ ಕಡೆ ಯಾರೂ ಇಲ್ಲ.’
ಯಾರೂ ಮಾತಾಡಲಿಲ್ಲ. ವೈಪರು ಆಡುತ್ತಿತ್ತು.
ಕೊನೆಗೆ ಹಾಡುವ ಎಜ್ರಾ ಕೇಳಿದ:
‘ಶುಕ್ರವಾರ ಬರ್ತೀಯ ತಾನೆ?’
‘ಬರದೆ ಇನ್ನೇನು.’

ಈಗಲೂ ವೇದಿಕೆ ಹತ್ತುವ ಮುಂಚೆ ಕೈ ಕೈ ಹಿಡಿದು ನಿಲ್ಲುತ್ತಾರೆ.
ಆಮೆನ್ ಹೊತ್ತಿಗೆ ವರ್ಲಿನ್‌ನ ತುಟಿ ಅಲುಗುವುದಿಲ್ಲ.
ಎಜ್ರಾನ ಎಡಗೈ ಇತ್ತೀಚೆಗೆ ನಡುಗುತ್ತದೆ;
ಅದನ್ನು ಗಟ್ಟಿಯಾಗಿ ಹಿಡಿದುಕೊಂಡವನು ಅವನೇ.

ಹಾಡಿನಲ್ಲಿ ಆ ಹನ್ನೊಂದು ಸೆಕೆಂಡು ಬಂದಾಗ
ಸಾವಿರ ಜನ ತಲೆ ತಗ್ಗಿಸುತ್ತಾರೆ.
ವರ್ಲಿನ್ ಕಣ್ಣು ತೆರೆದು ಎಣಿಸುತ್ತಾನೆ.
ಒಬ್ಬನಾದರೂ ಎಣಿಸಬೇಕಲ್ಲ,
ಮತ್ತೆ ಎಲ್ಲರೂ ಒಟ್ಟಿಗೆ ಶುರು ಮಾಡಲು.