ಮಗ್ಗುಲು

ಇವತ್ತು ಯಾವ ಮಗ್ಗುಲಲ್ಲಿ ಎದ್ದಿದೆಯೋ
ಎಂದು ದಿನಾ ಬೆಳಗ್ಗೆ ಕೇಳುತ್ತಾಳೆ ಹಿಲ್ಕ ರೌತಿಯೋ,
ಗಂಡನನ್ನಲ್ಲ, ಅವನು ಹೋಗಿ ಆರು ಚಳಿಗಾಲವಾಯಿತು,
ಹಳದಿ ನೂಲಿನೊಳಗೆ ಬರುವ ಬೆಳಕನ್ನು.

ಎಸ್ಪೋ. ಡಿಸೆಂಬರ್.
ಸೂರ್ಯ ಒಂಬತ್ತು ದಾಟಿದ ಮೇಲೆ ಬರುತ್ತಾನೆ,
ಬಾಡಿಗೆ ಬಾಕಿಯಿರುವವನ ಹಾಗೆ
ಗೋಡೆಗೆ ಒತ್ತಿಕೊಂಡೇ ನಡೆದು ಮೂರಕ್ಕೆ ಮಾಯ.
ಒಳಗೆ, ಅಲುಗದ ಮೇಜಿನ ಮೇಲೆ,
ಯಾವ ಋತುವಿಗೂ ಸೇರದ, ಕಣ್ಣಿಗೂ ಕಾಣದ ಬೆಳಕು
ಸಿಲಿಕಾನಿನ ಚೂರೊಂದರ ಬಾಗಿಲಲ್ಲಿ ಕಾಯುತ್ತದೆ.

ಬಾಗಿಲೆಂದರೆ
ಒಂದು ತಲೆಕೂದಲನ್ನು ಇನ್ನೂರು ಸೀಳು ಮಾಡಿದರೆ
ಒಂದು ಸೀಳಿನಷ್ಟು ಅಗಲ. ಎತ್ತರ ಅದರರ್ಧ.
ಮಲಗಿ ತೂಗುವ ಬೆಳಕು ಸಲೀಸಾಗಿ ನುಸುಳುತ್ತದೆ.
ನಿಂತು ತೂಗುವುದು
ಅಂಚಿನಲ್ಲೇ ಹಿಡಿತ ತಪ್ಪಿ
ತಳದ ಗಾಜಿಗೆ ಸೋರಿಹೋಗುತ್ತದೆ.
ಸದ್ದಿಲ್ಲ, ವಾಸನೆಯಿಲ್ಲ.
ಪರದೆಯ ಮೇಲೆ ಒಂದು ಹಸಿರು ಗೆರೆ ಕುಸಿಯುತ್ತದೆ, ಅಷ್ಟೆ.

ನೂಲು ಮಹಾ ಚಾಡಿಕೋರ.
ಯಾರೋ ಬಾಗಿಲು ತೆಗೆದರು, ತಿರುಚಿಕೊಂಡಿತು.
ಯಾರೋ ಒದ್ದೆ ಕೋಟು ಪಕ್ಕಕ್ಕೆ ನೇತುಹಾಕಿದರು, ತಿರುಚಿಕೊಂಡಿತು.
ಕಳೆದ ಮಾರ್ಚಿಯಲ್ಲಿ ಎರಡು ವಾರ
ಹನ್ನೊಂದು ನಿಮಿಷಕ್ಕೊಮ್ಮೆ ಗೆರೆ ಕುಸಿಯಿತು;
ಪ್ರೊಫೆಸರು ಲೇಸರನ್ನು ಬೈದರು, ಲೇಸರಿನ ಕಂಪನಿಯನ್ನೂ.
ಹಿಲ್ಕ ಕುರ್ಚಿ ಹಾಕಿ ಕೂತು
ಗೋಡೆಯ ಹೀಟರು ಕೆಮ್ಮುವುದನ್ನು ಎಣಿಸಿದಳು.
ನೂಲನ್ನು ಒಂದು ಮೊಳ ಆಚೆಗೆ ಅಂಟಿಸಿದಳು.
ಪ್ರಬಂಧದಲ್ಲಿ ಅದು ಬರಲಿಲ್ಲ.

ಅವಳ ಹತ್ತಿರ ಇರುವುದು ಮೂರು ಕಪ್ಪು ಬಿಲ್ಲೆ,
ನೂಲು ಸುತ್ತಿಕೊಂಡು ಕತ್ತೆಕಿವಿಯ ಹಾಗೆ ನಿಂತವು.
ಮೊದಲನೆಯದನ್ನು ಇಷ್ಟು ಬಗ್ಗಿಸಿ,
ನಡುವಿನದನ್ನು ಇನ್ನಷ್ಟು,
ಮತ್ತೆ ಮೊದಲನೆಯದಕ್ಕೆ ಕೂದಲೆಳೆಯಷ್ಟು ವಾಪಸು:
ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸದೆ
ಹೊರಳಿಸುವ ಕೆಲಸ. ಹತ್ತೊಂಬತ್ತು ವರ್ಷ.

ಇದನ್ನು ಅವಳಿಗೆ ಕಲಿಸಿದವನು ಸುಲೋ, ಪೈಯಾನ್ನೆ ಸರೋವರದಲ್ಲಿ,
ಏನೂ ಗೊತ್ತಿಲ್ಲದೆ.
ದೋಣಿಯಲ್ಲಿ ಕೂತು ತನ್ನ ಕಪ್ಪು ಕನ್ನಡಕ ಬಿಚ್ಚಿ
ಅವಳ ಮೂಗಿಗೇರಿಸಿ, ನೋಡು, ಅಂದ.
ಹಾಲಿನ ಕೆನೆ ಸರಿಸಿದ ಹಾಗೆ ನೀರ ಮೇಲಿನ ಹೊಳಪು ಸರಿದು
ಕೆಳಗೆ ಹೌಕಿ ಮೀನು, ಕಿವಿರಾಡಿಸುತ್ತ,
ಅಷ್ಟು ಹೊತ್ತೂ ಅಲ್ಲೇ ಇದ್ದದ್ದು.
ತಲೆ ಓರೆ ಮಾಡಿದಳು: ಹೊಳಪು.
ನೆಟ್ಟಗೆ: ಮೀನು.
ಓರೆ: ಹೊಳಪು.
ಕತ್ತು ಉಳುಕೀತು ಕಣೇ, ಅಂದ ಸುಲೋ.

ಈಗ ತಾರ್ತುವಿನ ಕೈರಿ, ಇಪ್ಪತ್ತೇಳರ ಹುಡುಗಿ,
ಊಟದ ಡಬ್ಬಿ ಮರೆತು ಬರುವವಳು,
ಚೂರಿನೊಳಗಿನ ದಾರಿಯ ಒಂದು ಭುಜವನ್ನಷ್ಟೇ ಅರ್ಧ ಕೆತ್ತಿ ತಂದಿದ್ದಾಳೆ.
ಆ ಓರೆಭುಜದ ದಾರಿಯಲ್ಲಿ ನಡೆಯುತ್ತ ನಡೆಯುತ್ತ
ನಿಂತ ಬೆಳಕು ತನಗೇ ತಿಳಿಯದೆ ಮಗ್ಗುಲಾಗುತ್ತದೆ.
ಮುಂದೆ ಎರಡನ್ನೂ ಹೆಜ್ಜೆ ಕೂಡಿಸಿ ಒಂದಾಗಿಸಲು
ಚುಕ್ಕೆಯಷ್ಟು ಹೀಟರು, ತನ್ನ ತಪ್ಪು ತಾನೇ ನೋಡಿಕೊಂಡು
ಸೆಕೆಂಡಿಗೆ ಸಾವಿರ ಸಲ.

ತಿರುಗಿಸಿ, ಅಂದಳು ಕೈರಿ.
ಹಿಲ್ಕ ಮೊದಲ ಬಿಲ್ಲೆ ಬಗ್ಗಿಸಿದಳು.
ಗೆರೆ ನೆಟ್ಟಗಿತ್ತು.
ಎರಡನೆಯದು. ಮೂರನೆಯದು.
ನೂಲಿಗೆ ಬಾಯಿ ಹಾಕಿ ಉಫ್ ಎಂದು ಊದಿದಳು.
ಬೆರಳಿಗೆ ಸುತ್ತಿ ಹಿಂಡಿದಳು, ಸ್ವಲ್ಪ ಸಿಟ್ಟಿನಿಂದಲೇ.
ಗೆರೆ ರೆಪ್ಪೆ ಮಿಟುಕಿಸಿದ ಹಾಗೆ ಒಮ್ಮೆ ತಗ್ಗಿ
ಮತ್ತೆ ಅದೇ ಎತ್ತರ.

ಕೈರಿ ಕುಣಿದಳು, ಮೂಗು ಒರೆಸಿಕೊಂಡಳು,
ತಾಯಿಗೆ ಫೋನು ಮಾಡಿ
ಎಸ್ಟೋನಿಯನ್ನಿನಲ್ಲಿ ಏನೋ ಕೂಗಿದಳು.
ಅರ್ಧ ಅರ್ಥವಾಯಿತು ಹಿಲ್ಕಳಿಗೆ, ನೆರೆಯ ಭಾಷೆ:
ಇನ್ನು ಯಾರೂ ಬೇಕಿಲ್ಲ, ಅಮ್ಮಾ, ತಾನೇ ನಿಲ್ಲುತ್ತದೆ.

ಸಂಜೆ, ಅಂದರೆ ಮೂರೂಕಾಲಿಗೆ,
ಬಿಲ್ಲೆಗಳಿಂದ ನೂಲು ಬಿಚ್ಚಿದಳು.
ಅದು ನೇರವಾಗಲಿಲ್ಲ,
ಸುತ್ತಿನ ನೆನಪಲ್ಲೇ ಸ್ವಲ್ಪ ಬಾಗಿ ಕೂತಿತು.
ಮೂರನ್ನೂ ಕೆಳಗಿನ ಸೆಳೆಖಾನೆಗೆ ಹಾಕಿ
ಕಾಗದದ ಪಟ್ಟಿ ಹರಿದು ಅಂಟಿಸಿ,
ಪೆನ್ನು ಹಿಡಿದು ತುಸು ಹೊತ್ತು ನಿಂತು,
ಬರೆದಳು:
ಕೆಟ್ಟಿಲ್ಲ.